ಎರಡೂ ಚಕ್ರ ಒಟ್ಟಿಗೆ

ಜೋಗೇಶ್ವರಿಯ ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಫೋನಿನಲ್ಲಿ ಒಂದೇ ಬೆರಳಿನಿಂದ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕೈ ಏಳು ತಿಂಗಳ ಬಸುರಿ ಮೊಮ್ಮಗಳು ದೀಪ್ತಿಯ ಹೊಟ್ಟೆಯ ಮೇಲಿದೆ. ಕುಲುಕಾಟ ಕೂಡದು ಎಂದಿದ್ದಾರೆ ಡಾಕ್ಟರು. ಕಾರು ಓಡಿಸುತ್ತಿರುವ ಅವಳ ಗಂಡ ನಿಖಿಲ್ ಮೊನ್ನೆಯಷ್ಟೇ ಕಾರಿನಡಿ ದಪ್ಪನೆಯ ಸ್ವೇ ಬಾರ್ ಹಾಕಿಸಿದ್ದಾನೆ. ಎಡಬಲದ ಚಕ್ರಗಳನ್ನು ಜೋಡಿಸುವ ಸರಳಂತೆ ಅದು. ಫ್ಲೈಓವರಿನ ತಿರುವಿನಲ್ಲಿ ಕಾರು ವಾಲಲಿಲ್ಲ, ನಿಜ. ಆದರೆ ಸ್ಪೀಡ್ ಬ್ರೇಕರಿನ ಅಂಚಿನ ಸಂದಿಯಲ್ಲಿ ಎಂದಿನಂತೆ ಒಂದು ಬದಿಯ ಚಕ್ರ ತೂರಿಸಿದನಲ್ಲ, ನಾವಿಬ್ಬರೂ ಬಾಗಿಲಿಗೆ ಬಡಿದೆವು.

“ಅಜ್ಜೀ!” ಎಂದು ದೀಪ್ತಿ ಹೊಟ್ಟೆ ಹಿಡಿದುಕೊಂಡಳು.

“ಸಾರಿ ಅಜ್ಜಿ, ಬಾರ್ ಟೈಟ್ ಉಂಟಲ್ಲ, ಒಂದು ಚಕ್ರ ಎದ್ರೆ ಇನ್ನೊಂದನ್ನೂ ಎಳೀತದೆ.”

“ಬಾರಿಗಿಂತ ನಿನ್ನ ತಲೆ ದಪ್ಪ ಮಾರಾಯ! ಎರಡೂ ಚಕ್ರ ಒಟ್ಟಿಗೆ ಹತ್ತಿಸು, ನೇರ, ನಿಧಾನ.”

ಮುಂದಿನ ಬ್ರೇಕರನ್ನು ಹಾಗೇ ಹತ್ತಿಸಿದ. ಕಾರು ಮೆಲ್ಲಗೆ ಎದ್ದು ಇಳಿಯಿತು. ಈಗಷ್ಟೇ ಮಗು ನನ್ನ ಅಂಗೈಗೆ ಒದೆಯಿತು.

ಹಸಿರು ದೀಪ ಬಂತು. ಮುಂದೆ ರಸ್ತೆಯ ಎಡಬದಿಯನ್ನು ಮಾತ್ರ ಉದ್ದಕ್ಕೂ ಅಗೆದಿದ್ದಾರೆ, ಎರಡೂ ಚಕ್ರ ಒಟ್ಟಿಗೆ ಹೋಗುವಂತಿಲ್ಲ. ಫೋನು ಇಡುತ್ತೇನೆ, ದೀಪ್ತಿಯನ್ನು ಹಿಡಿಯಲು ಎರಡೂ ಕೈ ಬೇಕು.