ಎದುರು ಗುಡ್ಡೆಯ ಬೆಳಕು ಮತ್ತು ಗಾಮಾ ಕಿರಣ

ನಮ್ಮ ಆಕಾಶಗಂಗೆಯ ನಡುಮಧ್ಯದಿಂದ ಲೆಕ್ಕಕ್ಕಿಂತ ಹೆಚ್ಚು ಗಾಮಾ ಕಿರಣ ಬರುತ್ತಿದೆಯಂತೆ. ಯಾಕೆ ಎಂದು ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರಿನ ಕಣಗಳು ಡಿಕ್ಕಿಯಾಗಿ ಹೊಮ್ಮುವ ಬೆಳಕು ಎಂದು ಕೆಲವರು. ಅಲ್ಲ, ಗಿರಗಿರ ತಿರುಗುವ ಸತ್ತ ನಕ್ಷತ್ರಗಳು ಸಾವಿರಗಟ್ಟಲೆ ಇವೆ, ದೂರದಿಂದ ಒಂದೇ ಬೆಳಕಿನ ಹಾಗೆ ಕಾಣುತ್ತಿದೆ ಎಂದು ಇನ್ನು ಕೆಲವರು. ಮೊನ್ನೆ ಮೊಬೈಲಿನಲ್ಲಿ ಓದಿ ನಗು ಬಂತು. ಈ ಜಗಳ ಐವರ್ನಾಡಿನ ನಮ್ಮ ಅಂಗಳದಲ್ಲಿ ಯಾವಾಗಲೋ ಆಗಿ ಹೋಗಿದೆ ಮಾರಾಯ್ರೆ!

ನಾನು ಸಣ್ಣದಿರುವಾಗ ನಮ್ಮ ದನದ ಹಟ್ಟಿಗೆ ಮುಳಿಹುಲ್ಲು ಹೊದೆಸಿದ ಮಾಡು. ಬೇಸಿಗೆಯಲ್ಲಿ ಕೊಯ್ದ ಹುಲ್ಲನ್ನು ಎದುರು ಗುಡ್ಡೆಯಲ್ಲೇ ಒಟ್ಟಿ ಇಡುತ್ತಿದ್ದೆವು. ಅದು ಸುಟ್ಟುಹೋದರೆ ಮಳೆಗಾಲ ಪೂರ್ತಿ ದನಗಳು ನೆನೆಯಬೇಕು. ಒಂದು ಸಂಜೆ ಕತ್ತಲು ಇಳಿಯುವಾಗ ಆ ಗುಡ್ಡೆಯಲ್ಲಿ ಕೆಂಪಗೆ ಬೆಳಕು ಕಂಡಿತು. ನಾನು ಬೆರಳು ತೋರಿಸಿದೆ. ಅಜ್ಜಿ ಪಟ್ಟನೆ ಕೈಗೆ ಹೊಡೆದರು.

“ಬೆರಳು ತೋರಿಸ್ಬೇಡ. ಅದು ಊರು ಕಾಯುವ ದೈವ ಹೋಗುದು.”

“ಗುಡ್ಡೆಗೆ ಬೆಂಕಿ ಬಿದ್ದದ್ದು ಅಮ್ಮಾ! ಮುಳಿ ಹೋದ್ರೆ ಹಟ್ಟಿಗೆ ನಿನ್ನ ದೈವ ಬಂದು ಮಾಡು ಹಾಕ್ತದಾ?” ಎಂದರು ಅಪ್ಪ.

ಅಪ್ಪ ಹಸಿ ಸೊಪ್ಪಿನ ಗೆಲ್ಲು ಮುರಿದುಕೊಂಡು ಓಡಿದರು. ಬೆಂಕಿ ಬಡಿಯಲು ನಮ್ಮಲ್ಲಿ ಅದೇ ಆಯುಧ. ಹಿಂದಿನಿಂದ ನಾನು. ನನ್ನ ಹಿಂದೆ ಬೈಯುತ್ತಾ ಅಜ್ಜಿ.

ನಡುವಿನ ತೋಡಿನ ನೀರು ದಾಟಿ ಮೇಲೆ ಹತ್ತಿದರೆ ಬೆಂಕಿಯೂ ಇಲ್ಲ, ಬೆಳಕೂ ಇಲ್ಲ. ಹುಲ್ಲಿನ ರಾಶಿ ಇಟ್ಟಲ್ಲೇ ಇತ್ತು. ಅಪ್ಪ ಅದಕ್ಕೆ ಒರಗಿ ಕುಳಿತೇಬಿಟ್ಟರು. ಉಸಿರು ಸರಿಯಾದ ಮೇಲೆ ಟಾರ್ಚು ಬಿಟ್ಟು ನೋಡಿದರೆ, ಕಾಲುದಾರಿಯಲ್ಲಿ ತೆಂಗಿನ ಗರಿ ಸುಟ್ಟ ಚೂರುಗಳು. ದಾರಿ ಕಾಣಲು ಒಣ ಗರಿ ಕಟ್ಟಿ ಉರಿಸುವ ಪಂಜಿಗೆ ನಮ್ಮಲ್ಲಿ ತೂಟೆ ಎನ್ನುವುದು.

“ನೋಡು, ಗರಿಯ ತೂಟೆ ಹಿಡ್ಕೊಂಡು ಮದುವೆಗೆ ಹೋದವರು ವಾಪಸ್ ಬಂದದ್ದು. ತುಂಬ ತೂಟೆ ಒಟ್ಟಿಗೆ ಇದ್ದದ್ದು ನಮಗೆ ಒಂದೇ ಬೆಳಕಾಗಿ ಕಂಡದ್ದು” ಎಂದರು ಅಪ್ಪ.

“ಮದುವೆ ಊಟ ಮಾಡಿದವರು ಬಾಯಿ ಮುಚ್ಚಿ ಹೋಗುದುಂಟಾ? ಒಂದು ಸ್ವರ ಕೇಳಿತಾ ನಿನಗೆ?”

ಅಪ್ಪ ಸುಟ್ಟ ಚೂರೊಂದನ್ನು ಅಜ್ಜಿಯತ್ತ ಎತ್ತಿ ಹಿಡಿದರು. “ದೈವಕ್ಕೆ ಎಂತಕ್ಕೆ ತೂಟೆ?” ಎಂದರು. ಅಜ್ಜಿ ಮತ್ತೆ ಬೈಯುತ್ತಾ ಗುಡ್ಡೆ ಇಳಿದರು.

ಈಗ ಆ ಗುಡ್ಡೆಯಲ್ಲಿ ರಬ್ಬರು, ಹಟ್ಟಿಗೆ ಶೀಟು. ವಾದ ಮಾಡಿದ ಇಬ್ಬರೂ ಇಲ್ಲ. ಗಾಮಾ ಕಿರಣದ ಸುದ್ದಿ ಕೊಟ್ಟಿದ್ದರೆ ಎಷ್ಟು ಚಂದ ಜಗಳ ಮಾಡುತ್ತಿದ್ದರು! ಬೆಳಕು ಕಂಡ ಆ ವರ್ಷ ಅದೇ ಹುಲ್ಲು ಹಟ್ಟಿಯ ಮಾಡಿಗೆ ಏರಿತು. ಹೊರಗೆ ಮಳೆ ಹೊಯ್ಯುವಾಗ ಒಳಗೆ ಹಾಲು ಕರೆಯುತ್ತಾ ಅಜ್ಜಿ ದೈವ ಎನ್ನುವರು, ಸಗಣಿ ತೆಗೆಯುತ್ತಾ ಅಪ್ಪ ತೂಟೆ ಎನ್ನುವರು. ದನಗಳು ಒಂದು ಹನಿಯೂ ನೆನೆಯದೆ, ಮೆಲುಕು ಹಾಕುತ್ತಾ ಕೇಳುತ್ತಿದ್ದವು.