ಹೊರಟವರನ್ನು ಹಿಂದಿನಿಂದ ಕೂಗಬಾರದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ರಜೆಯನ್ನೆಲ್ಲ ಕೂಡಿಟ್ಟುಕೊಂಡು ಬೈಕಿನಲ್ಲಿ ಕನ್ಯಾಕುಮಾರಿಗೆ ಇಳಿದು, ಅಲ್ಲಿಂದ ಕಾಶ್ಮೀರಕ್ಕೆ ಹತ್ತಬೇಕೆಂದು ಹೊರಟರು. ಜೊತೆಗೆ ನಾನು, ಇನ್ನೊಂದು ಬೈಕಿನಲ್ಲಿ. ಕೆಲಮಂಗಲದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿದ್ದವನಿಗೆ ಯಾಕೆ ಬೇಕಿತ್ತು ಆ ಉಸಾಬರಿ ಎಂದು ಈಗ ಕೇಳುವವರು ಬಹಳ ಮಂದಿ. ಆಗ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಸುವುದು ನಮ್ಮ ಜನಕ್ಕೆ ಚೆನ್ನಾಗಿ ಬರುತ್ತದೆ.

ಸಾಮಾನು ಕಟ್ಟುವುದನ್ನು ಭಾವ ವ್ರತದ ಹಾಗೆ ಮಾಡುತ್ತಿದ್ದರು. ಎಲ್ಲವನ್ನೂ ಜಗಲಿಯ ಮೇಲೆ ಹರಡಿ, ನನ್ನ ಅಂಗಡಿಯ ತೂಗುವ ಕೊಂಡಿಗೆ ಒಂದೊಂದನ್ನೇ ನೇತುಹಾಕಿ ನೋಡುವರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರು. ಟವೆಲಿನ ಬದಲು ಹಳೇ ಪಂಚೆಯ ತುಂಡು. ಒರೆಸಿಕೊಳ್ಳುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ಅಂಗಿ ಮೈಮೇಲೆ ಒಂದು, ಚೀಲದಲ್ಲಿ ಒಂದು. ನಾನು ಆಸೆಪಟ್ಟು ಇಟ್ಟಿದ್ದ ಚಪ್ಪಲಿಯನ್ನು ಎತ್ತಿ ಅಂಗಳಕ್ಕೆ ಎಸೆದರು.

"ಬರಿಗಾಲಲ್ಲಿ ಕಾಶ್ಮೀರ ಸುತ್ಲಾ ಭಾವ?" ಎಂದೆ.

"ಬೂಟೈತಲ್ಲ ಕಾಲಲ್ಲಿ. ಯಾವ್ದೂ ಜೋಡಿ ಇರ್ಬಾರ್ದು ಕಣ್ಲಾ. ಮಣ್ಣು ರಸ್ತೇಲಿ ಬಿದ್ದ ಬೈಕ ಎತ್ವಾಗ ಗೊತ್ತಾಯ್ತದೆ ನಿಂಗೆ, ಒಂದೊಂದು ಕೇಜೀನೂ ಯಾವ ಶನಿ ಅಂತ."

ಆ ಮಾತೇನೋ ಸರಿಯಾಗಿತ್ತು. ಅವರು ಹೇಳುತ್ತಿದ್ದುದರಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅಕ್ಕ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ತಂದಿಟ್ಟಳು. ಹುರಿಹಿಟ್ಟು ಉಳಿಯಿತು, ಮಿಕ್ಕಿದ್ದು ಅಡುಗೆಮನೆಗೆ ವಾಪಸು ಹೋಯಿತು. ಕೊನೆಗೆ ಅವಳು ಎರಡು ಇನ್‌ಹೇಲರ್ ತಂದಳು. ಭಾವನಿಗೆ ಚಿಕ್ಕಂದಿನಿಂದ ಗೂರಲು. ಧೂಳು, ಹೊಗೆ ಕಂಡರೆ ಎದೆ ಕಟ್ಟಿಕೊಂಡು ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಆ ಪಂಪನ್ನು ಬಾಯಿಗಿಟ್ಟು ಎಳೆದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಅದರಲ್ಲೂ ಒಂದನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಎರಡ್ಯಾಕೆ? ನಂಗಿರೋದು ಒಂದೇ ಬಾಯಿ."

"ದಾರೀಲಿ ಕಳ್ದೋದ್ರೆ?"

"ಔಸ್ದಿ ಅಂಗ್ಡಿ ಎಲ್ಲಾ ಊರಲ್ಲೂ ಅವೆ, ಸುಮ್ಕಿರು."

ಅಕ್ಕ ಅದನ್ನು ಒಳಗೆ ಕೊಂಡುಹೋಗಿ ಇಟ್ಟಳು.

ಅವಳು ಮರುಮಾತಾಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ನಮ್ಮ ಕಡೆ ಹೊಸ್ತಿಲು ದಾಟಿ ಹೊರಟವರನ್ನು ಹಿಂದಿನಿಂದ ಕೂಗುವುದಿಲ್ಲ. ಏನಾದರೂ ಮರೆತಿದ್ದರೆ ಬೇರೆ ದಾರಿಯಲ್ಲಿ ಸುತ್ತಿ ಹೋಗಿ ಅವರ ಎದುರಿಗೆ ನಿಂತು ಕೊಡಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ಅಕ್ಕ ಹೊಸದಾಗಿ ಮದುವೆಯಾಗಿ ಬಂದಾಗ ಒಂದು ಬೆಳಿಗ್ಗೆ, ಊಟದ ಡಬ್ಬಿ ಮರೆತು ಹೊರಟ ಗಂಡನನ್ನು ಬಾಗಿಲಿಂದ ಕೂಗಿಬಿಟ್ಟಳು. ಅವತ್ತೇ ರಾಯಕೋಟೆ ರಸ್ತೆಯಲ್ಲಿ ಭಾವ ಬೈಕಿನಿಂದ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಮಾತು ಹಾಗೇ ಉಳಿಯಿತು. "ನನ್ ಮಗನ್ನ ಕೂಗಿ ಬೀಳ್ಸುದ್ಲು" ಎಂದು ಅವಳ ಅತ್ತೆ ಸಾಯುವ ತನಕ ಬಂದ ನೆಂಟರಿಗೆಲ್ಲ ಹೇಳಿದರು. ಭಾವ ಕೇಳಿ ನಗುತ್ತಿದ್ದರು. ಅಕ್ಕ ಒಂದು ಸಲವೂ ನಗಲಿಲ್ಲ.

ಹೊರಟ ಬೆಳಿಗ್ಗೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಹ್ಯಾಂಡಲಿಗೆ ಕುಂಕುಮ ಹಚ್ಚಿದರು. ಕೈಗೆ ಸಿಗುವ ಹಾಗಿರಲಿ ಎಂದು ಭಾವ ಪಂಪನ್ನು ಚೀಲದಿಂದ ತೆಗೆದು, ಜಾಕೆಟ್ಟಿನ ಜೇಬಿಗೆ ಹಾಕಿಕೊಳ್ಳಬೇಕೆಂದು ಜಗಲಿಯ ಮೇಲಿಟ್ಟು, ಗ್ಲೌಸು ತೊಟ್ಟುಕೊಂಡರು. ಅಷ್ಟೇ. ಅದು ಅಲ್ಲೇ ಉಳಿಯಿತು. ನಾನು ಆಗಲೇ ಬೀದಿಯಲ್ಲಿ ಗಾಡಿ ಶುರುಮಾಡಿಕೊಂಡು ಊರಾಚೆಗೆ ಮುಖ ಮಾಡಿ ನಿಂತಿದ್ದೆ. ಭಾವ ಬಂದು ಹಾರ್ನ್ ಹೊಡೆದರು, ಹೊರಟೆವು.

ಮುಂದಿನದು ನನಗೆ ಆಮೇಲೆ ತಿಳಿದದ್ದು. ಅಕ್ಕ ಜಗಲಿಯ ಮೇಲಿದ್ದ ಪಂಪನ್ನು ನೋಡಿದಳು. ಅದನ್ನು ಹಿಡಿದುಕೊಂಡು ಹಿತ್ತಲಿಗೆ ಓಡಿ, ಬೇಲಿ ದಾಟಿ, ಹಿಂದಿನ ಓಣಿಯಿಂದ ದೊಡ್ಡ ರಸ್ತೆಗೆ ಬಂದಳು, ನಮ್ಮ ಎದುರಿಗೆ ನಿಲ್ಲಬೇಕೆಂದು. ಅವಳು ಬರುವಷ್ಟರಲ್ಲಿ ನಾವು ದಾಟಿದ್ದೆವು. ಊರು ಬಿಟ್ಟ ಮೇಲಾದರೆ ದೋಷವಿಲ್ಲವೆಂದು ಫೋನು ಮಾಡಿದಳು. ಭಾವನ ಫೋನು ಹ್ಯಾಂಡಲಿನ ಮೇಲೆ ದಾರಿ ತೋರಿಸುತ್ತಿತ್ತು, ಕರೆ ಬರದ ಹಾಗೆ ಮಾಡಿಟ್ಟಿದ್ದರು. ಮೊದಲ ದಿನವೇ ಮನೆಯ ರಗಳೆ ಬೇಡವಂತೆ. ನನ್ನದು ನೀರು ಹೋಗದ ಚೀಲದ ತಳದಲ್ಲಿ, ಬಟ್ಟೆಯ ನಡುವೆ ಬಡಿದುಕೊಂಡಿತು.

ಕೃಷ್ಣಗಿರಿ ಹೈವೇ ಹಿಡಿದು ಹೋಗಬಹುದಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಕಾಡು ನೋಡಿಕೊಂಡು ಹೊಗೇನಕಲ್‌ಗೆ ಇಳಿಯೋಣವೆಂದು ಅಂಚೆಟ್ಟಿಯ ದಾರಿ ಹಿಡಿದರು. ಅಂಚೆಟ್ಟಿಯಲ್ಲಿ ಟೀ ಕುಡಿಯುವಾಗ ನನ್ನ ಬೈಕಿನ ಮೇಲಿದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿ, "ನೋಡ್ಲಾ, ಹೂವಿನ ಬುಟ್ಟಿ ಇದ್ದಂಗೈತೆ" ಎಂದು ಹಿಗ್ಗಿದರು. ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ.

ನಾಟ್ರಾಂಪಾಳ್ಯ ದಾಟಿದ ಮೇಲೆ ರಸ್ತೆಯ ಅಂಚಿನ ಒಣಪೊದೆಗೆ ಯಾರೋ ಬೆಂಕಿ ಹಚ್ಚಿದ್ದರು. ಒಂದು ತಿರುವಿನ ತುಂಬ ಹೊಗೆ. ಅದನ್ನು ದಾಟಿ ಈಚೆ ಬಂದು ತಿರುಗಿ ನೋಡಿದರೆ ಭಾವ ಗಾಡಿ ನಿಲ್ಲಿಸಿ ಬಗ್ಗಿ ಕೆಮ್ಮುತ್ತಿದ್ದರು. ಬಲಗಡೆ ಜೇಬು ಮುಟ್ಟಿ ನೋಡಿಕೊಂಡರು, ಆಮೇಲೆ ಎಡಗಡೆಯದು. ನಾನು ಚೀಲಗಳನ್ನು ರಸ್ತೆಗೆ ಸುರಿದೆ. ಅಷ್ಟು ಕಡಿಮೆ ಸಾಮಾನಿದ್ದಾಗ ಬೇಕಾದದ್ದು ಇಲ್ಲವೆಂಬುದು ಬಹಳ ಬೇಗ ತಿಳಿಯುತ್ತದೆ.

"ಜಗ್ಲಿ ಮ್ಯಾಲೆ" ಎಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಉಸಿರು ಸಾಲಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ರಸ್ತೆಯಲ್ಲಿ ಒಂದು ಗಾಡಿಯಿಲ್ಲ. ಭಾವನನ್ನು ನನ್ನ ಹಿಂದೆ ಕೂರಿಸಿಕೊಂಡು, ಚೀಲ ಕಟ್ಟುವ ಪಟ್ಟಿಯಿಂದ ಇಬ್ಬರ ಸೊಂಟವನ್ನೂ ಸೇರಿಸಿ ಬಿಗಿದು, ಮುಂದೆ ಹತ್ತಿರದಲ್ಲಿ ಊರಿಲ್ಲದ್ದರಿಂದ ನಾಟ್ರಾಂಪಾಳ್ಯಕ್ಕೇ ತಿರುಗಿಸಿದೆ. ಅವರ ಎದೆಯ ಸಿಳ್ಳೆ ನನ್ನ ಬೆನ್ನಿಗೆ ತಾಗುತ್ತಿತ್ತು. ಹೆದರಿಕೆಯಾದರೆ ಬೈಯುವುದು ನನ್ನ ಚಾಳಿ. ದಾರಿಯುದ್ದಕ್ಕೂ ಬೈದೆ. "ಬ್ರಷ್ ಕತ್ರುಸ್ತೀರಲ್ಲ, ಈಗ ನೋಡಿ. ಉಸ್ರು ಬುಡಿ ಭಾವ, ನಿದಾನುಕ್ಕೆ ಬುಡಿ. ಬಂದ್ಬುಡ್ತು ಊರು." ಮೊದಮೊದಲು ನನ್ನ ಹೊಟ್ಟೆಯನ್ನು ಹಿಡಿದುಕೊಂಡಿದ್ದ ಕೈ ಬೈಗುಳಕ್ಕೊಮ್ಮೆ ಒತ್ತುತ್ತಿತ್ತು, ಕೇಳಿಸ್ತು ಅನ್ನುವ ಹಾಗೆ. ಆಮೇಲೆ ಒಂದು ತಿರುವಿನಲ್ಲಿ ನಾನು ವಾಲಿದರೆ ಅವರು ನನ್ನ ಜೊತೆ ವಾಲಲಿಲ್ಲ. ನಾನು ಬೈಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಗಿಹೋಯಿತು ಎಂದು ಒಪ್ಪಿಕೊಂಡಂತೆ ಅನ್ನಿಸಿತು.

ಊರಲ್ಲಿ ನಾಲ್ಕು ಜನ ಸೇರಿ ಪಟ್ಟಿ ಬಿಚ್ಚಿ ಇಳಿಸಿಕೊಂಡರು. ಅಲ್ಲಿನ ಆಸ್ಪತ್ರೆಯ ನರ್ಸಮ್ಮ ಓಡಿಬಂದು ಎದೆ ಒತ್ತಿದರು, ಗಾಳಿ ಕೊಟ್ಟರು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಉಸಿರು ಯಾವಾಗ ನಿಂತಿತು ಎಂದು ತಮಿಳಿನಲ್ಲಿ ಕೇಳಿದರು. ನಾನು ಬಂದ ದಾರಿಯ ಕಡೆ ಕೈ ತೋರಿಸಿದೆ.

ತಿಥಿ ಮುಗಿಯುವ ತನಕ ಮನೆ ತುಂಬ ನೆಂಟರು. ಒಬ್ಬ ಹಿರಿಯ ಹೆಂಗಸು ಅಕ್ಕನ ಬೆನ್ನು ಸವರುತ್ತ ಹೇಳಿದಳು: "ಪುಣ್ಯುಕ್ಕೆ ನೀನು ಕೂಗ್ನಿಲ್ಲ ಕಣವ್ವ. ಕೂಗಿದ್ರೆ ಇದೂ ನಿನ್ ತಲೆಗೇ ಬತ್ತಿತ್ತು." ಅವಳು ಸಮಾಧಾನ ಹೇಳಲೆಂದೇ ಹೇಳಿದ್ದು, ನನಗೆ ಗೊತ್ತು. ಆದರೂ ಎದ್ದು ನಿಂತು, ಉಂಡಿದ್ದಾದರೆ ನಿಮ್ಮ ನಿಮ್ಮ ಊರಿಗೆ ಹೊರಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ. ಇವತ್ತಿಗೂ ಆ ಮನೆಯವರು ನನ್ನ ಹತ್ತಿರ ಮಾತಾಡುವುದಿಲ್ಲ. ಮಾತಾಡದಿದ್ದರೆ ಅಷ್ಟೇ ಹೋಯಿತು.

ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕ ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ನಾನು ಎದುರಿಗಿದ್ದೆ. ತಲೆ ಎತ್ತದೆ ಕೇಳಿದಳು.

"ಕೂಗಿದ್ರೆ ನಿಮ್ ಭಾವ ನಿಲ್ತಿದ್ರೇನ್ಲಾ?"

ನಾನು ಜನರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು. ಆವತ್ತು ಆಗಲಿಲ್ಲ. "ಕೇಳುಸ್ತಿರ್ಲಿಲ್ಲ ಬುಡಕ್ಕ" ಎಂದೆ. "ಹೆಲ್ಮೆಟ್ ಹಾಕ್ಕೊಂಡೇ ಜಗ್ಲಿ ಇಳ್ದಿದ್ರು. ಗಾಡಿ ಸದ್ದು ಬ್ಯಾರೆ."

ಅವಳು ಮೊರವನ್ನು ಕೆಳಗಿಟ್ಟಳು.

"ಇಲ್ಲ ಕಣ್ಲಾ. ನೀನು ಆಕಡೆ ತಿರಿಕ್ಕೊಂಡು ನಿಂತಿದ್ದೆ. ಅವ್ರು ಗೇಟತ್ರ ಹೋಗಿ, ಗಾಡಿ ಆಫ್ ಮಾಡಿ, ಹೆಲ್ಮೆಟ್ನ ಟ್ಯಾಂಕ್ ಮ್ಯಾಲಿಟ್ಕೊಂಡು ಒಂದ್ ಗಳಿಗೆ ಸುಮ್ಕೆ ನಿಂತ್ರು. ಮನೆ ಕಡೆ ತಿರುಗ್ಬಾರ್ದಲ್ಲ, ಅದ್ಕೆ ಗಾಡಿ ಕನ್ನಡೀಲಿ ನನ್ನೇ ನೋಡ್ತಿದ್ರು. ನಾನು ಹಿತ್ಲಿಗೆ ಓಡ್ಬುಟ್ಟೆ."