ಸಾಫ್ ಮಾಡಿದ ಲ್ಯಾಪ್‌ಟಾಪ್

ಸಿಮೆಂಟ್ ಕಾರ್ಖಾನೆಯ ನಮ್ಮ ವಾಡಿಯಲ್ಲಿ ಒರೆಸಿದ್ದು ಒರೆಸಿದಂತೆ ಉಳಿಯುವುದಿಲ್ಲ. ಬೆಳಿಗ್ಗೆ ಟೇಬಲ್ಲಿಗೆ ಬಟ್ಟೆಯಾಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಬೂದು ಪುಡಿ. ಹಾಗಾಗಿ ಶನಿವಾರ ನಮ್ಮವರು ಫೋನಿನಿಂದ ತಲೆಯೆತ್ತದೆ, "ಆ ಹಳೇ ಲ್ಯಾಪ್‌ಟಾಪ್ ನಾಳಿ ಕೊಡೋದದ, ಸಾಫ್ ಮಾಡಿಡು" ಎಂದಾಗ ನನಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕುಳಿತೆ. ಕೀಲಿಗಳ ಸಂದಿಯಿಂದ ಸಿಮೆಂಟಿನ ಪುಡಿ ಉದುರಿತು. ಇಂಗ್ಲಿಷಿನ 'ಇ' ಅಕ್ಷರ ನನ್ನ ಬೆರಳಿಗೇ ಸವೆದುಹೋಗಿತ್ತು. ಅದನ್ನು ಎರಡು ಸಲ ಒರೆಸಿದೆ.

ನಮ್ಮವರು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ವಾಡಿ, ಶಹಾಬಾದ, ಚಿತ್ತಾಪುರ ಕಡೆ ಇದೇ ಕಸುಬಿನವರು, ಆನ್‌ಲೈನ್ ಸೆಂಟರಿನವರು, ಕಂಪ್ಯೂಟರ್ ಕ್ಲಾಸ್ ನಡೆಸುವವರು ವರ್ಷಕ್ಕೊಮ್ಮೆ ಮನೆಮಂದಿಯೊಂದಿಗೆ ಸೇರುತ್ತಾರೆ. ಈ ಸಲ ಕಾಳಗಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಳೆಯ ಲ್ಯಾಪ್‌ಟಾಪ್ ಕೊಡುವುದೆಂದು ಮಾತಾಗಿತ್ತು.

ಭಾನುವಾರ ಶಹಾಬಾದಿನಲ್ಲಿ ಸೇರಿದ್ದ ಸಭಾಭವನದಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಪೇಪರ್ ಕಪ್ಪಿನ ಚಹಾ. ಮೈಕ್ ಹಿಡಿದವರೆಲ್ಲ "ಎರಡೇ ಮಾತು" ಎಂದು ಶುರುಮಾಡಿ ನಿಲ್ಲಿಸಲಿಲ್ಲ. ಹಾಸ್ಟೆಲಿನ ವಾರ್ಡನ್ ಬಸ್ಸಿನ ಹೊತ್ತಾಯಿತೆಂದು ಕೈಗಡಿಯಾರ ತಿರುಗಿಸಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಸೊಂಟ ಹಿಡಿದಿತ್ತು. ಯಾವಾಗ ಮನೆ ಸೇರುತ್ತೇವೋ ಎನ್ನುವುದೊಂದೇ ಯೋಚನೆ.

ಗೋಡೆ ಪಕ್ಕದ ಟೇಬಲ್ಲಿನಲ್ಲಿ, ಚಿತ್ತಾಪುರದಲ್ಲಿ ಕ್ಲಾಸ್ ನಡೆಸುವ ಹುಡುಗಿ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಳು. ನಮ್ಮದು ಬಂದಾಗ, ಅತ್ತಿಗೆಯೆಂಬ ಸಲುಗೆಯಲ್ಲಿ ನನ್ನನ್ನು ಕರೆದಳು.

"ವೈನೀ, ಇದು ಸಾಫ್ ಮಾಡೀರೇನ್ರಿ?"

"ನಿನ್ನಿ ಮಧ್ಯಾಹ್ನೆಲ್ಲಾ ಅದೇ ಮಾಡೀನಿ. ಬ್ರಷ್ ಹಾಕಿ ತಿಕ್ಕೀನಿ ನೋಡ್ರಿ."

ಅವಳು ತುಟಿ ಕಚ್ಚಿ ನಗು ತಡೆದಳು. ಪಕ್ಕದಲ್ಲಿದ್ದ ಆನ್‌ಲೈನ್ ಸೆಂಟರಿನವರು ತಡೆಯಲಿಲ್ಲ. "ಸಾಬೂನ್ ಹಚ್ಚಿ ತೊಳದಿಲ್ಲಲ್ಲ ವೈನೀ, ಬಚಾವ್!"

"ಒಳಗಿಂದು ಅಳಿಸೋದಕ್ಕ ಸಾಫ್ ಅಂತಾರ್ರಿ," ಎಂದಳು ಮೆಲ್ಲಗೆ. "ಒಳಗ ಒಂದು ಫೋಲ್ಡರ್ ಹಂಗೇ ಅದ ನೋಡ್ರಿ. ಕಿರಾಣಿ ಅಂತ ಹೆಸರದ."

ಯಾರೂ ತೆರೆಯಬಾರದೆಂದೇ ನಾನು ಇಟ್ಟ ಹೆಸರು ಅದು. ಅತ್ತೆ ಹಾಸಿಗೆ ಹಿಡಿದ ನಾಲ್ಕು ವರ್ಷ, ಮಧ್ಯಾಹ್ನ ಅವರಿಗೆ ಉಣಿಸಿ ಮಲಗಿಸಿದ ಮೇಲೆ, ಯಾರಿಗೂ ಹೇಳಲಾಗದ್ದನ್ನು ಅಲ್ಲಿ ಬರೆದಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ, ಒಂದು ಫುಲ್‌ಸ್ಟಾಪೂ ತಪ್ಪದಂತೆ. ಅವರ ಮೇಲೆ ಕೆಟ್ಟ ಸಿಟ್ಟು ಬಂದ ದಿನಗಳಿದ್ದವು. ಅವರು ನನ್ನ ಸೆರಗು ಹಿಡಿದು ನನ್ನನ್ನೇ "ಯವ್ವಾ" ಎಂದು ಕರೆದ ದಿನವೂ ಇತ್ತು. ಅವರು ತೀರಿಹೋದ ಮೇಲೆ ನಾನು ಅದನ್ನು ತೆರೆದಿರಲಿಲ್ಲ. ಲ್ಯಾಪ್‌ಟಾಪಿನ ಜೊತೆ ಅದೂ ಹೋಗುತ್ತದೆಂಬುದು ಬ್ರಷ್ ಹಿಡಿದಾಗಲೂ ತಲೆಗೆ ಬರಲಿಲ್ಲ. ದಣಿದವರಿಗೆ ಎಲ್ಲ ತಡವಾಗಿ ಹೊಳೆಯುತ್ತದೆ.

"ಕಿರಾಣಿ ಚೀಟಿ ಇರಬೇಕು, ಹೊಡದ್ ಹಾಕ್ರಿ," ಎಂದರು ನಮ್ಮವರು, ಭಜಿ ಮುರಿಯುತ್ತ.

ಅವಳ ಬೆರಳು ಗುಂಡಿಯ ಮೇಲಿತ್ತು. ಬೇಡವೆಂದರೆ ನಮ್ಮವರು ಯಾಕೆಂದು ಕೇಳುತ್ತಾರೆ, ತಮ್ಮ ತಾಯಿಯ ಬಗ್ಗೆ ನಾನು ಬರೆದದ್ದನ್ನು ಒಂದು ದಿನ ಓದುತ್ತಾರೆ. ಸುಮ್ಮನಿದ್ದರೆ ಆ ನಾಲ್ಕು ವರ್ಷ ಎಲ್ಲಿಯೂ ಉಳಿಯುವುದಿಲ್ಲ. ಸುಮ್ಮನಿರುವುದು ನನಗೆ ರೂಢಿ.

"ಅಳಿಸಬ್ಯಾಡ್ರಿ," ಎಂದೆ. "ನನಗ ಬೇಕು."

"ಏ, ಹಳೇ ಚೀಟಿ ತಗೊಂಡು ಏನ್ ಮಾಡ್ತಿ? ಹೋದ ವರ್ಷದ ತೊಗರಿಬ್ಯಾಳಿ ಮತ್ತ ತರ್ತೀ?" ಎಂದರು ನಮ್ಮವರು.

ಎಲ್ಲರೂ ನಕ್ಕರು.

"ಕಿರಾಣಿ ಅಲ್ಲ ಅದು."

ನಮ್ಮವರ ಕೈ ಭಜಿಯ ಮೇಲೆ ನಿಂತಿತು. ಹುಡುಗಿ ತನ್ನ ಕೀಲಿಗೊಂಚಲಿನ ಪೆನ್‌ಡ್ರೈವ್ ಬಿಚ್ಚಿ, ಫೋಲ್ಡರ್ ತೆರೆಯದೆಯೇ ಅದಕ್ಕೆ ಹಾಕಿ, ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದಳು.

ವಾಪಸು ಬರುವಾಗ ಟಂಟಂ ಆಟೋದಲ್ಲಿ ನಾವಿಬ್ಬರೇ ಹಿಂದೆ ಕುಳಿತಿದ್ದೆವು.

"ಏನದ ಅದರಾಗ?"

"ಅತ್ತಿಯವರದು. ಮತ್ತ ನಂದು."

ಲಾರಿಗಳು ಹಾದುಹೋದವು. 

"ಮನ್ಯಾಗ ಇನ್ನ ಮ್ಯಾಲ ಕಂಪ್ಯೂಟರ್ ಇಲ್ಲ," ಎಂದರು ನಮ್ಮವರು. "ಆಫೀಸಿನ್ಯಾಗ ನಾನೇ ಹಾಕಿ ನೋಡ್ಲ್ಯಾ?"

"ಬ್ಯಾಡ್ರಿ. ಮೊದಲ ಆ ಹುಡುಗಿ ಕ್ಲಾಸಿಗಿ ಹೋಗಿ ನಾ ಓದ್ತೀನಿ. ಆಮ್ಯಾಲ ನೋಡೋಣು."

ಅವರು ಹೂಂ ಎಂದರು. ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಸುತ್ತಿ ಗಂಟು ಹಾಕಿದೆ, ಪುಡಿ ಕೂರಬಾರದೆಂದು.